ಸಂಬಳವಿಲ್ಲದ ಸವಾರರ ದೊರೆ

ಕರಾವಳಿಯವರಾದ ನಮಗೆ ಟಿಪ್ಪು ಕಾಲದ ಯುದ್ಧವೆಂದರೆ ಕೋಟೆ, ಫಿರಂಗಿ, ಹಡಗು. ಕೂಳೂರಿನಿಂದ ಗುರುಪುರ ಹೊಳೆಯ ದಂಡೆ ಹಿಡಿದು ಅಳಿವೆಯ ಕಡೆಗೆ ಬಂದರೆ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಘಟ್ಟ ಹತ್ತಿದರೆ ಚರಿತ್ರೆಯ ಸದ್ದು ಬೇರೆ. ಬಯಲುಸೀಮೆಯಲ್ಲಿ ರಾಜ್ಯಗಳನ್ನು ಕಟ್ಟಿದ್ದೂ ಕೆಡವಿದ್ದೂ ಕುದುರೆಗಳು. ಅಂಥ ಕುದುರೆಯ ಮೇಲೆ ಬದುಕಿ ಸತ್ತವನು ಧೋಂಡಿಯಾ ವಾಘ್.

ಹುಟ್ಟಿದ್ದು ಚನ್ನಗಿರಿಯ ಮರಾಠಾ ಮನೆತನದಲ್ಲಿ. ಹೈದರಾಲಿಯ ಅಶ್ವಪಡೆಯಲ್ಲಿ ದುಡಿದ. ಮೂರನೇ ಮೈಸೂರು ಯುದ್ಧದ (1790-92) ಗೊಂದಲದಲ್ಲಿ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಧಾರವಾಡದ ಕಡೆಗೆ ಹೋಗಿ ಸ್ವಂತ ದಂಡು ಕಟ್ಟಿದ. ಮರಾಠಾ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಿ ಬಡಿದಾಗ, 1794ರಲ್ಲಿ ಸುಮಾರು ಇನ್ನೂರು ಸವಾರರೊಂದಿಗೆ ಟಿಪ್ಪುವಿನ ಬಳಿಗೇ ಮರಳಿದ. ಅಲ್ಲಿ ಅವನು ಮುಸಲ್ಮಾನನಾದ. ಕಿರ್ಮಾನಿಯ ಫಾರಸಿ ಚರಿತ್ರೆಯಲ್ಲಿ ಅವನ ಹೆಸರು ಮಲಿಕ್ ಜಹಾನ್ ಖಾನ್. ಈ ಮತಾಂತರ ಬಲವಂತದ್ದೋ ಅಲ್ಲವೋ ಎಂಬ ಜಗಳದಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ: ಹೊಸ ಹೆಸರು ಬಂದರೂ ಸಂಕೋಲೆ ತಪ್ಪಲಿಲ್ಲ. ಟಿಪ್ಪು ಅವನನ್ನು ನಂಬದೆ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟ. 1799ರ ಮೇ 4ರಂದು ಕೋಟೆ ಬಿದ್ದಾಗ ಸೆರೆಮನೆಯ ಬಾಗಿಲು ತೆರೆಯಿತು.

ಆಮೇಲಿನದನ್ನು ಅರ್ಥ ಮಾಡಿಕೊಳ್ಳಲು ಸವಾರನ ಹೊಟ್ಟೆಪಾಡು ತಿಳಿದಿರಬೇಕು. ಸರ್ಕಾರದ ಕುದುರೆ ಏರುವವನು ಬಾರಗೀರ. ಕುದುರೆಯನ್ನೂ ಆಯುಧವನ್ನೂ ತಾನೇ ತರುವವನು ಸಿಲೇದಾರ. ‘ಸಿಲಾಹ್’ ಎಂದರೆ ಆಯುಧ. ಸಿಲೇದಾರನ ಆಸ್ತಿಯೆಲ್ಲ ಆ ಕುದುರೆಯೇ. ಸಂಬಳ ನಿಂತರೂ ಅದರ ಹುರುಳಿ, ಹುಲ್ಲು ನಿಲ್ಲುವುದಿಲ್ಲ. ಟಿಪ್ಪು ಸತ್ತ ಮೇಲೆ ಶಹಜಾದರಿಗೆ ವೆಲ್ಲೂರಿನಲ್ಲಿ ಪಿಂಚಣಿ ಸಿಕ್ಕಿತು, ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು ಸಿಕ್ಕಿತು. ಚದುರಿಹೋದ ಸಾವಿರಾರು ಸವಾರರಿಗೆ? ಅವರು ಧೋಂಡಿಯಾನ ಕಡೆಗೆ ಹರಿದು ಬಂದರು. ಬಿದನೂರು, ಶಿಕಾರಿಪುರದ ಸೀಮೆಯಲ್ಲಿ ಅವನ ದಂಡು ಬೆಳೆಯಿತು. 1799ರ ಆಗಸ್ಟಿನಲ್ಲಿ ಬ್ರಿಟಿಷರು ಸೋಲಿಸಿ ಓಡಿಸಿದರೂ ಮರುವರ್ಷ ಇನ್ನೂ ದೊಡ್ಡದಾಗಿ ಎದ್ದ. ‘ಉಭಯ ಲೋಕಾಧೀಶ್ವರ’ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ. ಸಂಕೋಲೆಯಿಂದ ಬಿಡುಗಡೆಯಾಗಿ ಒಂದು ವರ್ಷವೂ ದಾಟಿತ್ತೋ ಇಲ್ಲವೋ!

ಇದನ್ನು ಬರೀ ಬ್ರಿಟಿಷರ ವಿರುದ್ಧದ ಹೋರಾಟ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವನು ಹಾಯ್ದ ಹಳ್ಳಿಗಳ ರೈತರಿಗೆ ಅವನು ಸುಲಿಗೆಗಾರನೇ. ಒಡೆದ ಮನೆಯೊಳಗಿನ ಯುದ್ಧ ಇದು. ಮರಾಠಾ ಕುಲದಲ್ಲಿ ಹುಟ್ಟಿದವನು 1800ರ ಜೂನ್ 30ರಂದು ಕಿತ್ತೂರಿನ ಬಳಿ ಹಳೆಯ ವೈರಿ ಗೋಖಲೆಯನ್ನು ಕೊಂದ. ಮುಸ್ಲಿಂ ಹೆಸರಿನ ಇದೇ ಮನುಷ್ಯನ ಬೇಟೆಗೆ ನಿಜಾಮನ ಸವಾರರೂ ಮರಾಠಾ ಸವಾರರೂ ಒಟ್ಟಿಗೆ ಬ್ರಿಟಿಷ್ ಬಾವುಟದ ಹಿಂದೆ ಹೊರಟರು. ಇವರನ್ನು ಯಾವ ಧರ್ಮದ ಕಡೆ ಎಂದು ಎಣಿಸೋಣ?

ಬೇಟೆಯ ಮುಖ್ಯಸ್ಥ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷಗಳ ಬಳಿಕ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ. ಸಿಕ್ಕರೆ ಮೊದಲು ಕಂಡ ಮರಕ್ಕೆ ನೇತುಹಾಕಿ ಎಂಬುದು ಅವನಿಗೆ ಬಂದ ಅಪ್ಪಣೆ. ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರು, ಸವಣೂರು, ಕುಂದಗೋಳ, ಡಂಬಳ ಎಂದು ಮಳೆಗಾಲವಿಡೀ ಬೆನ್ನಟ್ಟಿದ. ಜುಲೈ 30ರಂದು ಮುನವಳ್ಳಿಯ ಬಳಿ ಧೋಂಡಿಯಾನ ಸಾಮಾನು ಸರಂಜಾಮಿನ ದಂಡು ಮಲಪ್ರಭೆಯ ದಡದಲ್ಲಿ ಸಿಕ್ಕಿಬಿತ್ತು. ನದಿ ತುಂಬಿತ್ತು. ಈಜಲು ಹೊರಟ ಎಷ್ಟೋ ಜನ ಮುಳುಗಿದರು. ಅವನ ಬೆನ್ನು ಮುರಿದದ್ದು ಆ ದಿನವೇ ಎನ್ನಬೇಕು; ಮುಂದೆ ದಿನೇದಿನೇ ಜನ ಕಳಚಿಕೊಂಡರು.

ಸೆಪ್ಟೆಂಬರ್ 10ರಂದು, ಇಂದಿನ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಕೊನೆಯ ಭೇಟಿ. ಅವನ ಬಳಿ ಸುಮಾರು ಐದು ಸಾವಿರ ಸವಾರರು. ವೆಲ್ಲೆಸ್ಲಿಯ ಬಳಿ ಅಶ್ವಪಡೆಯ ನಾಲ್ಕು ರೆಜಿಮೆಂಟು: ಎರಡು ಬ್ರಿಟಿಷರದು, ಎರಡು ಮದ್ರಾಸಿನದು. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಹೆಣವನ್ನು ಫಿರಂಗಿಯ ಮೇಲೆ ಹಾಕಿ ಬಿಡಾರಕ್ಕೆ ತಂದರು.

ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಹುಡುಗನೊಬ್ಬ ಸಿಕ್ಕಿದ. ಧೋಂಡಿಯಾನ ಮಗ ಸಲಾಬತ್ ಖಾನ್. ತಂದೆಯನ್ನು ನೇತುಹಾಕಲು ಬಂದಿದ್ದ ವೆಲ್ಲೆಸ್ಲಿ ಮಗುವನ್ನು ತನ್ನ ಡೇರೆಗೆ ತರಿಸಿ ಸಾಕಿದ. 1805ರಲ್ಲಿ ದೇಶ ಬಿಡುವಾಗ ಹುಡುಗನ ಖರ್ಚಿಗೆಂದು ಶ್ರೀರಂಗಪಟ್ಟಣದಲ್ಲಿ ಹಣ ಇಟ್ಟು ಹೋದ. ಸಲಾಬತ್ ಖಾನ್ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.