ಕಾಲ್ನಡಿಗೆಯ ಧರ್ಮಸಂಗ್ರಹ: ಕುಂದಾಪುರ ಸೀಮೆಯಿಂದ ಒಂದು ವಿವೇಚನೆ

ರೋಗಿಗಳ ನೆರವಿಗಾಗಿ ಧನವನ್ನು ಕೂಡಿಸಬೇಕೆಂದಿರುವವರು ಹಲವು ದಿನ ಕಾಲ್ನಡಿಗೆಯಲ್ಲಿ ಹೋಗುವುದೇಕೆ? ನಡೆದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ; ನಡೆಯದೆಯೂ ಕೇಳಬಹುದು, ಕೊಡಬಹುದು. ಆದರೂ ಸ್ತನ ಕ್ಯಾನ್ಸರಿನ ನಿವಾರಣೆಗಾಗಿ ಮೂರು ದಿನ ನಡೆದು ಹಣವೆತ್ತುವ ಪದ್ಧತಿಯೊಂದು ಅಮೆರಿಕದಲ್ಲಿ ತಲೆದೋರಿ ಕಾಲು ಶತಮಾನ ಕಳೆದಿದೆ. ಇದು ಪರದೇಶದವರ ಹೊಸ ಉತ್ಸವವೆಂದು ತಳ್ಳಿಹಾಕುವವರೂ ಉಂಟು, ಇದ್ದುದನ್ನು ಇದ್ದಂತೆಯೇ ತಂದು ನೆಡಬೇಕೆನ್ನುವವರೂ ಉಂಟು. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಕರಾವಳಿಯ ಚರಿತ್ರೆಯನ್ನು ಲಕ್ಷ್ಯಕ್ಕೆ ತಂದುಕೊಂಡರೆ ಈ ಎರಡು ಪಕ್ಷಗಳೂ ಅರ್ಧ ಮಾತ್ರ ಸರಿಯೆಂಬುದು ತಿಳಿಯುವುದು. ಆ ವಿಚಾರವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ಬ್ರಹ್ಮಾವರವು ಹಿಂದೆ ಉಡುಪಿ ತಾಲ್ಲೂಕಿಗೂ ಬೈಂದೂರು ಕುಂದಾಪುರ ತಾಲ್ಲೂಕಿಗೂ ಸೇರಿದ್ದು, 2018ರಿಂದ ಇವೆರಡೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಹೆದ್ದಾರಿಯ ಅಳತೆಯಲ್ಲಿ ಬ್ರಹ್ಮಾವರದಿಂದ ಬೈಂದೂರಿಗೆ 60 ಕಿಲೋಮೀಟರು ಮೀರದು. ಆದರೆ ಸೇತುವೆಗಳಿಲ್ಲದ ಕಾಲದಲ್ಲಿ ಈ ದೂರವನ್ನು ಅಳೆಯುತ್ತಿದ್ದುದು ಹೊಳೆಗಳ ಲೆಕ್ಕದಿಂದ. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಪಂಚಗಂಗಾವಳಿಯೆನಿಸಿ ಕಡಲನ್ನು ಸೇರುತ್ತವೆ. ನಡೆಯುವವನು ಕಡವಿನಲ್ಲಿ ದೋಣಿಗಾಗಿ ಕಾಯಬೇಕು, ಕತ್ತಲೆಯಾದರೆ ಯಾರದಾದರೂ ಜಗುಲಿಯಲ್ಲಿ ತಂಗಬೇಕು. ಹೀಗಾಗಿ ಇಲ್ಲಿಯ ಕಾಲ್ನಡಿಗೆಯು ಪರರ ಮನೆಯ ಬಾಗಿಲಿಗೆ ಹೋಗುವುದನ್ನು ತನ್ನೊಳಗೇ ಇಟ್ಟುಕೊಂಡಿತ್ತು.

ಹಲವು ದಿನ ನಡೆದು ಕಾಣಿಕೆ ಕೂಡಿಸುವ ಕ್ರಮ ಈ ಸೀಮೆಗೆ ಅಪರಿಚಿತವಲ್ಲ. ಇದಕ್ಕೆ ಅತ್ಯಂತ ಸಮೀಪದ ನಿದರ್ಶನ ಹೂವಿನಕೋಲು. ನವರಾತ್ರಿಯ ದಿನಗಳಲ್ಲಿ ಮಕ್ಕಳು ಅಲಂಕರಿಸಿದ ಕೋಲುಗಳನ್ನು ಹಿಡಿದು, ಭಾಗವತರೊಡನೆಯೂ ಮದ್ದಲೆಯವರೊಡನೆಯೂ ಮನೆಯಿಂದ ಮನೆಗೆ ನಡೆದು, ಚಾವಡಿಯಲ್ಲಿ ಎದುರುಬದುರಾಗಿ ಕುಳಿತು ಯಕ್ಷಗಾನ ಪ್ರಸಂಗದ ಒಂದು ಭಾಗವನ್ನು ಪದ ಮತ್ತು ಮಾತುಗಳಿಂದ ನಡೆಯಿಸುತ್ತಿದ್ದರು. ಐಗಳ ಮಠದಲ್ಲಿ ಓದುವ ಮಕ್ಕಳ ಈ ತಿರುಗಾಟದಿಂದ ಬಂದ ಅಕ್ಕಿ, ಕಾಯಿ, ಕಾಸುಗಳು ಐಗಳ ಜೀವನಕ್ಕೆ ಆಧಾರ. ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಬೇಡುವವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ; ಮನೆಗೆ ಶುಭವನ್ನು ಹಾರೈಸಿ, ಕಲಿತ ವಿದ್ಯೆಯನ್ನು ತೋರಿಸಿ ಪಡೆಯುತ್ತಿದ್ದರು. ಎರಡು, ಒಳಗಿನ ಹೆಂಗಸರೂ ಬಾಗಿಲ ಮರೆಯಲ್ಲಿಯೇ ಆಗಲಿ ನಿಂತು ಕೇಳುತ್ತಿದ್ದರು. ಪೇಟೆಯ ಸಭೆಗೆ ಬಾರದ ಕಿವಿಗಳಿಗೆ ಮಾತು ಮುಟ್ಟುತ್ತಿದ್ದುದು ಈ ಮಾರ್ಗದಿಂದ.

ಇನ್ನು ಆಧುನಿಕ ಕಾಲಕ್ಕೆ ಬರೋಣ. 1934ರ ಫೆಬ್ರವರಿಯ ಕೊನೆಯ ವಾರದಲ್ಲಿ ಮಹಾತ್ಮ ಗಾಂಧಿಯವರು ಹರಿಜನ ನಿಧಿಗಾಗಿ ಮಂಗಳೂರು, ಉಡುಪಿಗಳನ್ನು ಹಾದು ಕುಂದಾಪುರಕ್ಕೆ ಬಂದರು. ಈ ಪ್ರದೇಶ ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಆರಂಭವಾದ ಆ ಪ್ರವಾಸವು ಒಂಬತ್ತು ತಿಂಗಳಲ್ಲಿ ಸುಮಾರು 12,500 ಮೈಲಿಗಳನ್ನು ಕ್ರಮಿಸಿ, ಸುಮಾರು 8 ಲಕ್ಷ ರೂಪಾಯಿಗಳನ್ನು ಕೂಡಿಸಿತು. ಆ ಪ್ರವಾಸದ ಸಭೆಗಳಲ್ಲಿ ಮಾನಪತ್ರಗಳನ್ನು ಹರಾಜು ಹಾಕುವುದೂ, ಹೆಂಗಸರು ಬಳೆ ಸರಗಳನ್ನು ಬಿಚ್ಚಿ ಕೊಡುವುದೂ ವಾಡಿಕೆಯ ದೃಶ್ಯವಾಗಿತ್ತು. ಆದರೆ ಪ್ರವಾಸದ ಈ ಭಾಗ ನಡೆದದ್ದು ರೈಲು, ಮೋಟಾರುಗಳ ಸಹಾಯದಿಂದ. ಬಂದವರು ನಿಂತರು, ಪಡೆದರು, ಮುಂದಿನ ಊರಿಗೆ ಹೋದರು.

ಎರಡು ತಿಂಗಳು ಕಳೆದ ಮೇಲೆ ಗಾಂಧಿಯವರು ಕ್ರಮವನ್ನೇ ಬದಲಿಸಿದರು. 1934ರ ಮೇ 9ರಂದು ಒಡಿಶಾದ ಪುರಿಯಿಂದ ಕಾಲ್ನಡಿಗೆಯಲ್ಲಿ ಹೊರಟು, ಜೂನ್ 8ರವರೆಗೆ ನಡೆದರು. ಧರ್ಮದ ಸಂದೇಶವು ರೈಲು ಮೋಟಾರುಗಳ ವೇಗದಿಂದ ಹರಡತಕ್ಕದ್ದಲ್ಲವೆಂಬುದು ಅವರ ನಿರ್ಣಯ. ನಡೆಯುವುದರಿಂದ ಮುಟ್ಟಬಹುದಾದ ಊರುಗಳ ಸಂಖ್ಯೆ ಇಳಿಯುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಕುಂದಾಪುರಕ್ಕೆ ಮೋಟಾರಿನಲ್ಲಿ ಬಂದವರೇ ಒಡಿಶಾದಲ್ಲಿ ಕಾಲಿಗೆ ಇಳಿದರೆಂಬ ಈ ಒಂದು ಸಂಗತಿ, ನಿಧಿಸಂಗ್ರಹಕ್ಕೂ ಮನಃಪರಿವರ್ತನೆಗೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ನಿಧಿ ಮಾತ್ರ ಬೇಕಾದವನಿಗೆ ವೇಗ ಅನುಕೂಲ. ಅಸ್ಪೃಶ್ಯತೆಯನ್ನು ಮನೆಯೊಳಗಿಂದಲೇ ತೆಗೆಯಬೇಕೆಂದವನಿಗೆ ನಿಧಾನ ಅನುಕೂಲ. 1951ರಲ್ಲಿ ಭೂದಾನದ ಯಾತ್ರೆಯನ್ನು ತೊಡಗಿದ ವಿನೋಬಾ ಭಾವೆಯವರು 1957ರಲ್ಲಿ ಕರ್ನಾಟಕಕ್ಕೆ ಬಂದುದೂ ಕಾಲ್ನಡಿಗೆಯಿಂದಲೇ.

ಪಶ್ಚಿಮದಲ್ಲಿಯೂ ಇದಕ್ಕೆ ಸಮಾನವಾದ ಬೆಳವಣಿಗೆ ಕಾಣುತ್ತದೆ. 1950ರ ಜನವರಿಯಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಪೋಲಿಯೋ ನಿವಾರಣೆಗಾಗಿ ತಾಯಂದಿರು ಸಂಜೆಯ ಹೊತ್ತು ಬೀದಿಗಳಲ್ಲಿ ನಡೆದರು. ಜಗುಲಿಯ ದೀಪ ಉರಿಯುತ್ತಿದ್ದ ಮನೆಗಳ ಬಾಗಿಲಿಗೆ ಹೋಗಿ ಕಾಣಿಕೆ ಪಡೆದರು. 1980ರಲ್ಲಿ ಕೆನಡಾದ ಟೆರಿ ಫಾಕ್ಸ್ ಎಂಬ ತರುಣನು, ಕ್ಯಾನ್ಸರಿನಿಂದ ಒಂದು ಕಾಲನ್ನು ಕಳೆದುಕೊಂಡಿದ್ದರೂ ಕೃತಕ ಕಾಲಿನಿಂದ 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದನು. ರೋಗ ಮರುಕಳಿಸಿದ್ದರಿಂದ ದಾರಿಯ ನಡುವೆಯೇ ನಿಂತು, ಮರುವರ್ಷ ತೀರಿಕೊಂಡನು. 1998ರಲ್ಲಿ ಏವನ್ ಸಂಸ್ಥೆಯ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ತನ ಕ್ಯಾನ್ಸರಿಗಾಗಿ ಮೂರು ದಿನಗಳ ನಡಿಗೆ ಮೊದಲಾಯಿತು. ದಿನಕ್ಕೆ 20 ಮೈಲಿಯಂತೆ 60 ಮೈಲಿ. ರಾತ್ರಿ ಡೇರೆಗಳಲ್ಲಿ ವಾಸ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬ್ರಹ್ಮಾವರದಿಂದ ಬೈಂದೂರಿಗೆ ನಡೆದು, ಬಂದ ದಾರಿಯಲ್ಲಿ ಬಹುಪಾಲು ಹಿಂತಿರುಗಿದಷ್ಟು ದೂರ. ನಡೆಯುವ ಪ್ರತಿಯೊಬ್ಬರೂ ಬಂಧುಮಿತ್ರರಿಂದ ಗೊತ್ತಾದ ಮೊತ್ತವನ್ನು ಮುಂದಾಗಿ ಕೂಡಿಸಬೇಕಾಗಿತ್ತು.

ಈ ನಡಿಗೆಗಳಿಂದ ಬಂದ ಧನ ಅಪಾರ. ಆದರೆ ಡೇರೆ, ಊಟ, ಪ್ರಚಾರಗಳಿಗೆ ತಗಲುವ ವೆಚ್ಚದ ವಿಷಯದಲ್ಲಿ ಆಕ್ಷೇಪಗಳು ಎದ್ದವು. ನಡಿಗೆಗಳನ್ನು ಏರ್ಪಡಿಸುತ್ತಿದ್ದ ಕಂಪನಿಯೊಡನೆ ಏವನ್ ಸಂಸ್ಥೆ 2002ರಲ್ಲಿ ಸಂಬಂಧವನ್ನು ಕಡಿದುಕೊಂಡಿತು. ಅದೇ ವರ್ಷ ಆ ಕಂಪನಿಯೂ ಮುಚ್ಚಿತು. ದಾನಿಯು ಕೊಟ್ಟ ರೂಪಾಯಿಯಲ್ಲಿ ರೋಗಿಗೆ ಸೇರಿದ ಪಾಲೆಷ್ಟು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೂವಿನಕೋಲಿಗೆ ಡೇರೆಯ ವೆಚ್ಚವಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಅದೇ 1998ರಲ್ಲಿ ಮುಂಬಯಿಯಲ್ಲಿ ಇನ್ನೊಂದು ಬಗೆಯ ನಡಿಗೆ ಆರಂಭವಾಯಿತೆಂಬುದು ನಮ್ಮ ವಿಷಯಕ್ಕೆ ಅತಿಮುಖ್ಯ. 1941ರಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಗರದ ಬಡಕೇರಿಗಳಲ್ಲಿ 35ರಿಂದ 64 ವಯಸ್ಸಿನ 1,51,538 ಮಹಿಳೆಯರನ್ನು ಆಯ್ದು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನವರ ಮನೆಗಳಿಗೆ ತರಬೇತಿ ಹೊಂದಿದ ಆರೋಗ್ಯ ಕಾರ್ಯಕರ್ತೆಯರು ಹೋಗಿ, ಕರೆದು, ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಬಾರಿ ಕೈಯಿಂದಲೇ ಸ್ತನಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರೀಕ್ಷೆಗೊಳಗಾದ ಗುಂಪಿನಲ್ಲಿ ರೋಗವು ಮೊದಲ ಹಂತಗಳಲ್ಲಿಯೇ ಹೆಚ್ಚಾಗಿ ಪತ್ತೆಯಾಯಿತು; 50 ವರ್ಷ ತುಂಬಿದವರಲ್ಲಿ ಸಾವಿನ ಪ್ರಮಾಣ ಶೇಕಡಾ 30ರ ಹತ್ತಿರದಷ್ಟು ಇಳಿಯಿತು. ಎಲ್ಲ ವಯಸ್ಸಿನವರನ್ನೂ ಕೂಡಿಸಿದರೆ ಇಳಿಕೆ ಶೇಕಡಾ 15. ಇದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿಶ್ಚಿತವೆನ್ನುವಂತಿರಲಿಲ್ಲ. ದೊಡ್ಡ ಯಂತ್ರವಿಲ್ಲದೆ, ನಡೆಯಬಲ್ಲ ಕಾಲು ಮತ್ತು ಕಲಿತ ಕೈಗಳಿಂದ ಇಷ್ಟು ಸಾಧ್ಯವಾಯಿತೆಂಬುದು ಅಲ್ಪ ಸಂಗತಿಯಲ್ಲ.

ಈಗ ನಮ್ಮ ಸೀಮೆಗೆ ಹಿಂದಿರುಗೋಣ. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರು ಹೊಸದಾಗಿ ಕಂಡುಬಂದಿತೆಂದೂ, ಸುಮಾರು 98,000 ಮಂದಿ ಅದರಿಂದ ಮೃತರಾದರೆಂದೂ ಅಂತಾರಾಷ್ಟ್ರೀಯ ಅಂದಾಜು. ಸಾವಿನ ಈ ಭಾರಕ್ಕೆ ರೋಗವನ್ನು ತಡವಾಗಿ ತೋರಿಸುವುದು ಒಂದು ಮುಖ್ಯ ಕಾರಣ. ಕುಂದಾಪುರದ ಕಡೆಯ ರೋಗಿಗೆ ವೈದ್ಯವು ದೂರವೆನ್ನುವಂತಿಲ್ಲ. ಮಣಿಪಾಲದ ವೈದ್ಯಕೀಯ ಕಾಲೇಜು 1953ರಿಂದಲೂ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದಲೂ ಇವೆ. ಹೋಟೆಲು ಉದ್ಯೋಗಕ್ಕಾಗಿ ಮುಂಬಯಿಗೆ ಹೋದ ಬಂಧುಗಳ ನೆರವಿನಿಂದ ಟಾಟಾ ಆಸ್ಪತ್ರೆಯ ದಾರಿಯೂ ಅನೇಕ ಮನೆಗಳಿಗೆ ತೆರೆದಿದೆ. ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುವ ದೂರಕ್ಕಿಂತ, ಒಳಮನೆಯಿಂದ ಜಗುಲಿಗೆ ಬಂದು ‘ನನಗೆ ಇಂಥದೊಂದು ಗಂಟು ಕಂಡಿದೆ’ ಎಂದು ಹೇಳುವ ದೂರವೇ ಹೆಚ್ಚು. ನೋವಿಲ್ಲದ ಗಂಟನ್ನು ಅಲಕ್ಷಿಸುವುದು, ಮಗಳ ಮದುವೆ ಮುಗಿಯಲೆಂದು ಕಾಯುವುದು, ನಾಚಿಕೆಯಿಂದ ಮುಚ್ಚಿಡುವುದು: ಈ ಮೂರರಿಂದ ಕಳೆಯುವ ತಿಂಗಳುಗಳನ್ನು ಯಾವ ನಿಧಿಯೂ ಹಿಂದಕ್ಕೆ ಕೊಡಲಾರದು.

ಆ ದೂರವನ್ನು ಕ್ರಮಿಸುವ ಕೆಲಸಕ್ಕೆ ಜನರೂ ಇಲ್ಲದಿಲ್ಲ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು ಗದ್ದೆಯ ಅಂಚಿನ ಮೇಲೆ ಮನೆಯಿಂದ ಮನೆಗೆ ನಡೆಯುತ್ತಲೇ ಇದ್ದಾರೆ. 30 ವರ್ಷ ಮೀರಿದವರ ಕ್ಯಾನ್ಸರು ತಪಾಸಣೆಗೆ ಮನೆಮನೆಯ ವಿವರಗಳನ್ನು ಬರೆದುಕೊಳ್ಳುವ ಭಾರವೂ ಅವರದಾಗಿದೆ. ಅವರ ನಡಿಗೆಗೆ ಧ್ವಜವಿಲ್ಲ, ಮಾನಪತ್ರವಿಲ್ಲ.

ಆದುದರಿಂದ ಈ ಸೀಮೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಸ್ತನ ಕ್ಯಾನ್ಸರಿಗಾಗಿ ಮೂರು ದಿನ ನಡೆಯುವುದಾದರೆ, ಹೆದ್ದಾರಿಯ ಅಂಚಿನಲ್ಲಿ ಮೈಲಿಗಳನ್ನು ಎಣಿಸುವುದರಿಂದ ಕೆಲಸ ಪೂರ್ಣವಾಗದು. ನಡಿಗೆಯು ಒಳದಾರಿಗಳಲ್ಲಿ ಸಾಗಬೇಕು; ಆಶಾ ಕಾರ್ಯಕರ್ತೆಯು ಜೊತೆಗಿರಬೇಕು; ವಿದ್ಯಾರ್ಥಿನಿಯರು ಒಳಮನೆಯವರೆಗೆ ಹೋಗಿ ಮಾತಾಡಬೇಕು; ಬಂದ ಹಣದ ಲೆಕ್ಕವನ್ನು, ವೆಚ್ಚವನ್ನೂ ಕೂಡಿಸಿ, ಊರವರ ಮುಂದೆ ಓದಬೇಕು. ಪರದೇಶದ ಪದ್ಧತಿಯಿಂದ ನಾವು ಕಲಿಯತಕ್ಕದ್ದು ಹೆಸರು ಹೇಳಲು ಅಂಜುತ್ತಿದ್ದ ರೋಗವನ್ನು ಬೀದಿಯಲ್ಲಿ ಬಹಿರಂಗವಾಗಿ ಹೆಸರಿಸಿದ ಧೈರ್ಯವನ್ನು. ನಮ್ಮಲ್ಲಿಯೇ ಇದ್ದುದು ಹೊಸ್ತಿಲ ಬಳಿ ನಿಂತು, ಮೊದಲು ಮನೆಯವರ ಒಳಿತನ್ನು ಹಾರೈಸಿ, ಆಮೇಲೆ ಕೈಯೊಡ್ಡುವ ಹೂವಿನಕೋಲಿನ ಕ್ರಮ. ಇವೆರಡೂ ಕೂಡಿದಲ್ಲಿ, ಹಣ ಎಷ್ಟೇ ಬರಲಿ, ಒಬ್ಬ ತಾಯಿಯಾದರೂ ಆರು ತಿಂಗಳು ಮುಂಚಿತವಾಗಿ ವೈದ್ಯರ ಬಳಿಗೆ ಹೋದಾಳು. ನಡೆದವರ ಶ್ರಮಕ್ಕೆ ಅಷ್ಟು ಸಾರ್ಥಕ್ಯ ಸಾಲದೆನ್ನಲಾಗದು.