ಗರ್ಭಿಣಿಯ ಪೂರಕಾಹಾರ: ಕನ್ನಡ ನಾಡಿನ ಒಂದು ಚಾರಿತ್ರಿಕ ಸಮೀಕ್ಷೆ

ರಾಜವಂಶಗಳ ಕಾಲನಿರ್ಣಯಕ್ಕೂ ಶಾಸನಗಳ ಪಾಠಪರಿಷ್ಕರಣಕ್ಕೂ ಒಗ್ಗಿದ ಚರಿತ್ರೆಯ ಅಭ್ಯಾಸಿಗೆ ಗರ್ಭಿಣಿಯ ಊಟದ ಎಲೆ ಸಂಶೋಧನೆಗೆ ತಕ್ಕ ವಸ್ತುವೆಂದು ತೋರದಿರುವುದು ಸಹಜವೇ ಸರಿ. ಆದರೆ ಒಂದು ನಾಡಿನ ಜನರು ತಮ್ಮ ಮುಂದಿನ ಪೀಳಿಗೆಯನ್ನು ಹುಟ್ಟುವ ಮೊದಲೇ ಹೇಗೆ ಪೋಷಿಸಿದರು, ಅಥವಾ ಪೋಷಿಸಲಾರದೆ ಹೋದರು, ಎಂಬ ಪ್ರಶ್ನೆ ಆ ನಾಡಿನ ಚರಿತ್ರೆಗೆ ಹೊರಗಿನದಲ್ಲ. ಗರ್ಭಿಣಿಯ ದೇಹತೂಕವನ್ನು ಹಿತವಾಗಿ ಹೆಚ್ಚಿಸುವ ಉದ್ದೇಶದಿಂದ ಕಳೆದ ಸುಮಾರು ನೂರು ವರ್ಷಗಳಲ್ಲಿ ನಮ್ಮಲ್ಲಿ ಯಾವ ಯಾವ ಪೂರಕಾಹಾರಗಳು ಬಂದವು, ಅವುಗಳಿಂದ ನಾವು ಕಲಿತದ್ದೇನು ಎಂಬುದನ್ನು ಈ ಲೇಖನದಲ್ಲಿ ಪರಾಮರ್ಶಿಸಲು ಉದ್ದೇಶಿಸಿದ್ದೇವೆ.

ವಿಷಯ ವಿಶಾಲವಾದುದರಿಂದ ಒಂದು ನೆಲೆಯಲ್ಲಿ ನಿಂತು ನೋಡುವುದು ಲೇಸು. ರಾಮನಗರ ತಾಲ್ಲೂಕಿನ ಹೋಬಳಿಯಾದ ಕೈಲಾಂಚವನ್ನು ಅಂತಹ ನೆಲೆಯಾಗಿ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವಿಲ್ಲದಿಲ್ಲ. ಇದು ರಾಗಿಯ ಸೀಮೆ. ರೇಷ್ಮೆಯ ಸೀಮೆಯೂ ಹೌದು. ಹಿಪ್ಪುನೇರಳೆ ಸೊಪ್ಪನ್ನು ಕೊಯ್ಯುವುದು, ಹೊರುವುದು, ಹುಳುವಿಗೆ ಹೊತ್ತುಹೊತ್ತಿಗೆ ಮೇವು ಹಾಕುವುದು, ತಟ್ಟೆಗಳನ್ನು ಶುಚಿಮಾಡುವುದು ಮುಂತಾದ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ಹುಳು ಹಣ್ಣಾಗುವ ದಿನಗಳಲ್ಲಿ ಮನೆಯ ಸೊಸೆ ಬಸುರಿಯೆಂದು ಕೆಲಸ ಕಾಯುವುದಿಲ್ಲ. ಆದಕಾರಣ ಇಲ್ಲಿ ಗರ್ಭಿಣಿಯ ಆಹಾರದ ಪ್ರಶ್ನೆಯನ್ನು ಆಕೆಯ ದುಡಿಮೆಯಿಂದ ಬೇರ್ಪಡಿಸಿ ಎತ್ತಲಾಗದು. ಅಲ್ಲದೆ, ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದ ರಾಮನಗರದಲ್ಲಿ ೧೯೩೦ರ ದಶಕದಲ್ಲಿಯೇ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಆರೋಗ್ಯ ಘಟಕವನ್ನು ನಡೆಸಿತ್ತು. ಹಳ್ಳಿಗಾಡಿನ ಆರೋಗ್ಯವು ಸರ್ಕಾರದ ಕರ್ತವ್ಯವೆಂಬ ಭಾವನೆ ಈ ಸೀಮೆಗೆ ಹೊಸದಲ್ಲ.

ಮೊದಲು ಪರಂಪರೆಯನ್ನು ನೋಡೋಣ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಗೆ ತಿಂಗಳು ತಿಂಗಳಿಗೂ ಬೇರೆ ಬೇರೆ ಆಹಾರಕ್ರಮವನ್ನು ವಿಧಿಸಿದೆ. ಮೊದಲ ತಿಂಗಳಿಗೆ ಹಾಲು, ಮೂರನೆಯದಕ್ಕೆ ಜೇನು ತುಪ್ಪಗಳೊಡನೆ ಹಾಲು, ನಾಲ್ಕನೆಯದಕ್ಕೆ ಬೆಣ್ಣೆ, ಎಂಟನೆಯದಕ್ಕೆ ತುಪ್ಪ ಬೆರೆಸಿದ ಹಾಲಿನ ಗಂಜಿ, ಹೀಗೆ ಕ್ರಮ ಸಾಗುತ್ತದೆ. ನಿತ್ಯದ ಆಹಾರದ ಮೇಲೆ ಗರ್ಭಿಣಿಗೆಂದೇ ವಿಶೇಷವಾದುದನ್ನು ಕೂಡಿಸಬೇಕು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ನಮ್ಮ ಮನೆಗಳ ಬಯಕೆಯೂಟ, ಸೀಮಂತ, ತವರಿನಿಂದ ಬರುವ ಎಳ್ಳುಂಡೆ, ಕೊಬ್ಬರಿ, ಬೆಲ್ಲ, ಇವೆಲ್ಲ ಅದೇ ತತ್ತ್ವದ ಲೌಕಿಕ ರೂಪಗಳೆನ್ನಬಹುದು. ಆದರೆ ಸಾಮಾನ್ಯವಾಗಿ ಬಯಕೆಯೂಟ ಬರುವುದು ಗರ್ಭದ ಉತ್ತರಾರ್ಧದಲ್ಲಿ. ಬರುವುದೂ ಒಂದೆರಡು ದಿನ. ಹಾಲು ತುಪ್ಪಗಳ ವಿಧಿಯೋ ಹಸು ಕಟ್ಟಿದ ಮನೆಗೆ ಸಲ್ಲುವಂಥದು.

ಇದಕ್ಕೆ ಎದುರಾದ ಇನ್ನೊಂದು ನಂಬಿಕೆಯೂ ನಮ್ಮಲ್ಲಿ ಬೇರೂರಿತ್ತು. ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಂಪತಿಗಳು ೧೯೮೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ಅನ್ನವೂ ಕೂಸೂ ಒಂದೇ ಹೊಟ್ಟೆಯಲ್ಲಿ ಜಾಗ ಹಂಚಿಕೊಳ್ಳುತ್ತವೆ, ಹೆಚ್ಚು ಉಂಡರೆ ಕೂಸಿಗೆ ಎಡೆಯಿಲ್ಲದಾಗುತ್ತದೆ. ಕೂಸು ಚಿಕ್ಕದಾಗಿದ್ದರೆ ಹೆರಿಗೆ ಸುಲಭ. ಆದ್ದರಿಂದ ಬಸುರಿಯು ಮಿತವಾಗಿ ಉಣ್ಣುವುದೇ ಕ್ಷೇಮ, ಎಂಬುದು ಆ ನಂಬಿಕೆಯ ಸಾರ. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಶಸ್ತ್ರಚಿಕಿತ್ಸೆಯ ಸೌಕರ್ಯವಿಲ್ಲದ ಊರಿನಲ್ಲಿ ದೊಡ್ಡ ಕೂಸು ಅಡ್ಡಿಯಾದರೆ ತಾಯಿಯ ಪ್ರಾಣಕ್ಕೇ ಕುತ್ತು. ಕಡಮೆ ಉಣ್ಣುವ ಕ್ರಮದ ಹಿಂದೆ ಸಾವಿನ ಭಯವಿದ್ದಿತು. ಆ ಭಯಕ್ಕೆ ಪರಿಹಾರ ಒದಗಿಸದೆ ಆಹಾರವನ್ನು ಮಾತ್ರ ಉಪದೇಶಿಸಿದರೆ ಫಲಿಸಲಾರದೆಂಬುದು ಇದರಿಂದ ತಿಳಿದುಬರುತ್ತದೆ.

ಪ್ರಯೋಗಶಾಲೆಯ ವಿಜ್ಞಾನವು ಈ ಕ್ಷೇತ್ರಕ್ಕೆ ಪ್ರವೇಶಿಸಿದ್ದು ೧೯೨೦ರ ದಶಕದ ಕೊನೆಯಲ್ಲಿ. ಮಾರ್ಗರೆಟ್ ಬಾಲ್ಫರ್ ಅವರ ಆಹ್ವಾನದ ಮೇರೆಗೆ ೧೯೨೮ರಲ್ಲಿ ಭಾರತಕ್ಕೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಾಸಮಾಡಿದರು. ನೀಲಗಿರಿಯ ಕೂನೂರಿನಲ್ಲಿದ್ದ ರಾಬರ್ಟ್ ಮ್ಯಾಕ್‌ಕ್ಯಾರಿಸನ್ನರ ಪೋಷಣಾ ಸಂಶೋಧನಾಲಯದಲ್ಲಿಯೂ ಆಕೆ ಕೆಲಸ ಮಾಡಿದರು. ಅದು ಸೋಂಕಿನ ರೋಗವಲ್ಲ, ಆಹಾರದ ಕೊರತೆಯಿಂದ ಬಂದುದು ಎಂಬುದನ್ನು ಗುರುತಿಸಿ, ಈಸ್ಟಿನ ಸಾರವಾದ ಮಾರ್ಮೈಟಿನಿಂದ ಅದು ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ಅಂಶ ಯಾವುದೆಂಬುದು ಆಗ ಅಜ್ಞಾತವಾಗಿತ್ತು. ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾದ ಫೋಲಿಕ್ ಆಮ್ಲವೇ ಅದೆಂದು ಮುಂದೆ ಸಿದ್ಧಪಟ್ಟಿತು. ಗರ್ಭಿಣಿಗೆ ಪೂರಕವಾಗಿ ಕೊಡುವ ಮಾತ್ರೆಯ ಚರಿತ್ರೆ ಹೀಗೆ ನಮ್ಮ ನೆರೆಯಲ್ಲೇ ಮೊದಲಾಯಿತು. ೧೯೭೦ರಲ್ಲಿ ಭಾರತ ಸರ್ಕಾರವು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಗರ್ಭಿಣಿಯರಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಆದರೆ ಮಾತ್ರೆಯು ರಕ್ತವನ್ನು ತಿದ್ದಬಲ್ಲುದೇ ಹೊರತು ಹಸಿವನ್ನು ತುಂಬಲಾರದು. ತೂಕದ ಪ್ರಶ್ನೆ ಬೇರೆಯಾಗಿಯೇ ಉಳಿಯಿತು.

ಆ ಪ್ರಶ್ನೆಯ ಗಾತ್ರವನ್ನು ತಿಳಿಸುವ ಎರಡು ಅಂಕಿಗಳನ್ನು ಇಲ್ಲಿ ಜೊತೆಯಾಗಿ ಇಡುತ್ತೇವೆ. ವೆಂಕಟಾಚಲಂ, ಶಂಕರ್ ಮತ್ತು ಗೋಪಾಲನ್ ಇವರು ೧೯೬೦ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ದಕ್ಷಿಣ ಭಾರತದ ಬಡ ಗರ್ಭಿಣಿಯರ ತೂಕ ಒಟ್ಟು ಗರ್ಭಕಾಲದಲ್ಲಿ ಏರುತ್ತಿದ್ದುದು ಸುಮಾರು ೬ ಕಿಲೊಗ್ರಾಂ ಮಾತ್ರ. ೧೯೬೪ರಲ್ಲಿ ಬ್ರಿಟನ್ನಿನ ಹಿಟನ್ ಮತ್ತು ಲೀಚ್ ತಮ್ಮ ಗ್ರಂಥದಲ್ಲಿ ಆರೋಗ್ಯವಂತ ಸ್ತ್ರೀಯರಿಗೆ ಕೊಟ್ಟ ಸರಾಸರಿ ೧೨.೫ ಕಿಲೊಗ್ರಾಂ. ಅರ್ಧಕ್ಕರ್ಧ ವ್ಯತ್ಯಾಸ.

ಈ ಅಂತರವನ್ನು ಅಗ್ಗದ ದೇಶೀಯ ಧಾನ್ಯಗಳಿಂದ ತುಂಬಬಹುದೇ ಎಂದು ಪ್ರಯತ್ನಿಸಿದ ಸಂಸ್ಥೆ ನಮ್ಮದೇ ಮೈಸೂರಿನಲ್ಲಿ ಹುಟ್ಟಿತು. ೧೯೫೦ರಲ್ಲಿ ಚೆಲುವಾಂಬಾ ಸೌಧದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಪ್ರಾರಂಭವಾಯಿತು, ವಿ. ಸುಬ್ರಹ್ಮಣ್ಯನ್ ಅದರ ಪ್ರಥಮ ನಿರ್ದೇಶಕರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಹುರಿಗಡಲೆಯ ಹಿಟ್ಟು ಒಂದು ಪಾಲು ಬೆರೆಸಿ, ಸುಣ್ಣದ ಲವಣವನ್ನೂ ಜೀವಸತ್ವಗಳನ್ನೂ ಕೂಡಿಸಿ ಇಲ್ಲಿ ಸಿದ್ಧಪಡಿಸಿದ 'ವಿವಿಧೋದ್ದೇಶ ಆಹಾರ'ವು ಹಾಲು ಕೊಳ್ಳಲಾರದವರಿಗೆ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಒದಗಿಸುವ ಯತ್ನವಾಗಿತ್ತು. ಹಾಲು ತುಪ್ಪಗಳ ಹಳೆಯ ವಿಧಿಗೆ ಕಡಲೆಕಾಯಿಯ ಬದಲಿಯನ್ನು ಹುಡುಕಿದುದು ಈ ವಿಜ್ಞಾನಿಗಳ ಹೆಚ್ಚಳ. ಈ ಮಾರ್ಗ ತಪ್ಪಲ್ಲವೆಂಬುದಕ್ಕೆ ದೂರದ ಆಫ್ರಿಕದಿಂದ ಸಾಕ್ಷ್ಯ ದೊರೆತಿದೆ. ಗ್ಯಾಂಬಿಯಾ ದೇಶದ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ನಿತ್ಯವೂ ಕಡಲೆಕಾಯಿಯ ಬಿಸ್ಕತ್ತು ಕೊಟ್ಟಾಗ ಶಿಶುಗಳ ಜನನತೂಕ ಸರಾಸರಿ ೧೩೬ ಗ್ರಾಂ, ಧಾನ್ಯ ಮುಗಿದ ಹಸಿವಿನ ತಿಂಗಳುಗಳಲ್ಲಿ ೨೦೧ ಗ್ರಾಂ ಹೆಚ್ಚಿತೆಂದು ೧೯೯೭ರಲ್ಲಿ ಪ್ರಕಟವಾಯಿತು. ಅಂದರೆ ಹಸಿವು ಹೆಚ್ಚಿದ್ದ ಕಡೆ ಪೂರಕಾಹಾರದ ಫಲವೂ ಹೆಚ್ಚು. ಇದಕ್ಕೆ ವಿರುದ್ಧವಾಗಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಸಸಾರಜನಕವನ್ನೇ ಅತಿಯಾಗಿ ತುಂಬಿದ ಪೇಯವನ್ನು ಕೊಟ್ಟಾಗ ಅಕಾಲ ಪ್ರಸವಗಳು ಹೆಚ್ಚಾದುವೆಂದು ೧೯೮೦ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ, ಪೋಷಣೆ ಸಾಲದ ಜನಸಮುದಾಯಗಳಲ್ಲಿ ಶಕ್ತಿ ಮತ್ತು ಸಸಾರಜನಕಗಳು ಹದವಾಗಿ ಬೆರೆತ ಪೂರಕಾಹಾರವನ್ನು ಸಮ್ಮತಿಸಿ, ಅತಿ ಸಸಾರಜನಕದ ಪುಡಿಗಳನ್ನು ಬೇಡವೆಂದುದು ಈ ಅನುಭವಗಳ ಬಲದಿಂದಲೇ. ಅಂಗಡಿಯ ಡಬ್ಬಿಗಳನ್ನು ಕಂಡು ಮರುಳಾಗುವ ವಿದ್ಯಾವಂತ ಕುಟುಂಬಗಳು ಇದನ್ನು ಗಮನಿಸತಕ್ಕದ್ದು.

ಈಗ ನಮ್ಮ ನಾಡಿನ ಅತ್ಯಂತ ಮಹತ್ತ್ವದ ದಾಖಲೆಗೆ ಬರುತ್ತೇವೆ. ಅದು ತಾಳೆಯೋಲೆಯೂ ಅಲ್ಲ, ತಾಮ್ರಪಟವೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹೆರಿಗೆಯ ದಫ್ತರ. ೧೯೩೪ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ತಾಯಂದಿರ ತೂಕವೂ ಅದರಲ್ಲಿ ದಾಖಲಾಗಿತ್ತು. ಬರೆದವರಿಗೆ ಇದರ ಉಪಯೋಗವೇನೆಂದು ಆಗ ತಿಳಿದಿರಲು ಸಾಧ್ಯವಿರಲಿಲ್ಲ. ೧೯೩೪ರಿಂದ ೧೯೫೪ರ ನಡುವೆ ಅಲ್ಲಿ ಹುಟ್ಟಿದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದ ಕ್ಯಾರೊಲಿನ್ ಫಾಲ್, ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟುವಾಗ ೨.೫ ಕಿಲೊಗ್ರಾಂ ಅಥವಾ ಅದಕ್ಕಿಂತ ಕಡಮೆ ತೂಗಿದ್ದವರಲ್ಲಿ ಹೃದಯದ ರಕ್ತನಾಳಗಳ ರೋಗ ನೂರಕ್ಕೆ ೧೧ ಮಂದಿಗೆ, ೩.೧ ಕಿಲೊಗ್ರಾಮಿಗಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ ೩ ಮಂದಿಗೆ. ೪೫ ವಯಸ್ಸು ತುಂಬಿದವರ ಪೈಕಿ, ತಾವು ಕಡಮೆ ತೂಕದಲ್ಲಿ ಹುಟ್ಟಿದ್ದು, ತಮ್ಮನ್ನು ಹೊತ್ತ ತಾಯಿಯೂ ಗರ್ಭಕಾಲದಲ್ಲಿ ನೂರು ಪೌಂಡು, ಎಂದರೆ ಸುಮಾರು ೪೫ ಕಿಲೊಗ್ರಾಂ, ತೂಗದೆ ಇದ್ದವರಲ್ಲಿ ಈ ರೋಗ ನೂರಕ್ಕೆ ೨೦ ಮಂದಿಗೆ ಕಂಡಿತು. ತಾಯಿಯ ಹಸಿವು ಮಗನ ಐವತ್ತನೆಯ ವಯಸ್ಸಿನಲ್ಲಿ ಹೃದಯದ ನೋವಾಗಿ ಮರುಕಳಿಸಬಹುದೆಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೊಂದು ದಾಖಲೆ ನಮ್ಮ ನಾಡಿನಲ್ಲಿ ನಮಗೆ ಪರಿಚಿತವಿಲ್ಲ.

ಆದರೆ ಅದೇ ದಫ್ತರದ ಇನ್ನೊಂದು ಸಾಕ್ಷ್ಯವನ್ನು ಮರೆಮಾಚುವುದು ಸಂಶೋಧಕನಿಗೆ ತಕ್ಕುದಲ್ಲ. ೧೯೯೮ರಲ್ಲಿ ಪ್ರಕಟವಾದ ಸಿಹಿಮೂತ್ರ ರೋಗದ ಅಧ್ಯಯನದಲ್ಲಿ, ಹುಟ್ಟುವಾಗ ಗಿಡ್ಡವಾಗಿಯೂ ದಪ್ಪವಾಗಿಯೂ ಇದ್ದವರಿಗೆ, ಮತ್ತು ಸರಾಸರಿಗಿಂತ ಭಾರವಾಗಿದ್ದ ತಾಯಂದಿರ ಮಕ್ಕಳಿಗೆ ಆ ರೋಗ ಹೆಚ್ಚಾಗಿ ಕಂಡಿತು. ಹಾಗಾದರೆ ತೂಕ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತು ನಿಲ್ಲುವುದಿಲ್ಲ. ೨೦೦೯ರಲ್ಲಿ ಅಮೆರಿಕದ ತಜ್ಞರು ಸೂಚಿಸಿದ ಕ್ರಮದಲ್ಲಿಯೂ ತೆಳ್ಳಗಿರುವ ಸ್ತ್ರೀಗೆ ೧೨.೫ರಿಂದ ೧೮ ಕಿಲೊಗ್ರಾಂ, ಸಮತೂಕದವಳಿಗೆ ೧೧.೫ರಿಂದ ೧೬, ತೂಕ ಮೀರಿದವಳಿಗೆ ೭ರಿಂದ ೧೧.೫, ಸ್ಥೂಲಕಾಯದವಳಿಗೆ ೫ರಿಂದ ೯ ಕಿಲೊಗ್ರಾಂ ಮಾತ್ರ ಏರಿಕೆಯನ್ನು ಹೇಳಿದೆ. ಗರ್ಭಕ್ಕೆ ಮೊದಲಿನ ತೂಕವನ್ನರಿಯದೆ ಏರಬೇಕಾದ ತೂಕವನ್ನು ಹೇಳಲಾಗದು.

ಸರ್ಕಾರದ ಯೋಜನೆಗಳನ್ನು ಈ ಬೆಳಕಿನಲ್ಲಿ ನೋಡಬೇಕು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಂಗನವಾಡಿಯ ಮೂಲಕ ಗರ್ಭಿಣಿಗೂ ಪೂರಕಾಹಾರ ಸಲ್ಲುವ ವ್ಯವಸ್ಥೆ ಅದರಿಂದ ನೆಲೆಗೊಂಡಿತು. ೨೦೧೩ರ ಆಹಾರ ಭದ್ರತಾ ಕಾಯಿದೆಯು ಅದನ್ನು ಹಕ್ಕಾಗಿ ಮಾಡಿ, ದಿನಕ್ಕೆ ೬೦೦ ಕಿಲೊ ಕ್ಯಾಲೊರಿ ಶಕ್ತಿಯನ್ನೂ ೧೮ರಿಂದ ೨೦ ಗ್ರಾಂ ಸಸಾರಜನಕವನ್ನೂ ಗೊತ್ತುಪಡಿಸಿತು. ಲೆಕ್ಕದಲ್ಲಿ ಇದು ಸಾಕಷ್ಟೇ. ಆದರೆ ಮನೆಗೆ ಕೊಟ್ಟುಕಳುಹಿಸಿದ ಪೊಟ್ಟಣ ಮನೆಯವರೆಲ್ಲರ ಪಾಲಾಗುವುದನ್ನು ತಡೆಯಲಾಗಲಿಲ್ಲ. ಮಕ್ಕಳು ಹಸಿದಿರುವಾಗ ತಾನೊಬ್ಬಳೇ ತಿನ್ನುವ ತಾಯಿ ಯಾರು? ಈ ಕಾರಣದಿಂದಲೇ ಕರ್ನಾಟಕ ಸರ್ಕಾರವು ೨೦೧೭ರ ಅಕ್ಟೋಬರ್ ೨ರಂದು ರಾಜ್ಯದಾದ್ಯಂತ 'ಮಾತೃಪೂರ್ಣ'ವನ್ನು ಜಾರಿಗೆ ತಂದಿತು. ಗರ್ಭಿಣಿ ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಗಳನ್ನೊಳಗೊಂಡ ಬಿಸಿಯೂಟವನ್ನು ಕುಳಿತು ಉಣ್ಣಬೇಕೆಂಬುದು ಅದರ ಕ್ರಮ. ಪೊಟ್ಟಣದ ದೋಷ ಇದರಿಂದ ನೀಗಿತಾದರೂ ಹೊಸ ತೊಡಕುಗಳು ಎದುರಾದುವು. ತುಂಬು ಬಸುರಿ ದೂರ ನಡೆಯಬೇಕು. ಬಾಣಂತಿಯನ್ನು ಹೊಸಿಲು ದಾಟಿಸದ ಮನೆಗಳಿವೆ. ರೇಷ್ಮೆಹುಳುವಿನ ಮೇವಿನ ಹೊತ್ತು ಊಟದ ಹೊತ್ತಿಗಾಗಿ ಕಾಯುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಆಳವಾದುದು. ಮುಂಬಯಿಯ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಬೆರೆತ ತಿಂಡಿಯನ್ನು ಗರ್ಭಕ್ಕೆ ಮೊದಲಿನಿಂದಲೇ ಕೊಟ್ಟು ನೋಡಿದ ಪ್ರಯೋಗದ ಫಲ ೨೦೧೪ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ಜನನತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಗರ್ಭ ನಿಲ್ಲುವ ಮೂರು ತಿಂಗಳಿಗೂ ಮುಂಚೆ ತಿನ್ನತೊಡಗಿದವರಲ್ಲಿ ಮಾತ್ರ ಸರಾಸರಿ ೪೮ ಗ್ರಾಂ ಏರಿತು. ಅವರೊಳಗೂ ಅತಿ ಕೃಶರಾದ ತಾಯಂದಿರಿಗೆ ಲಾಭ ದೊರೆಯಲಿಲ್ಲ. ಬಾಲ್ಯದಿಂದ ಕೂಡಿಬಂದ ಕೊರತೆಯನ್ನು ಒಂಬತ್ತು ತಿಂಗಳ ತಿಂಡಿಯಿಂದ ತೀರಿಸಲಾಗದು ಎಂಬುದು ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಇಲ್ಲಿಯವರೆಗೆ ಪರಿಶೀಲಿಸಿದುದರಿಂದ ಒಂದು ನಿರ್ಣಯಕ್ಕೆ ಬರಬಹುದು. ನೂರು ವರ್ಷಗಳಿಂದ ನಾವು 'ಏನನ್ನು ಕೊಡಬೇಕು' ಎಂದು ಕೇಳುತ್ತ ಬಂದಿದ್ದೇವೆ. ಚರಿತ್ರೆ ಕೇಳುವ ಪ್ರಶ್ನೆಗಳು ಬೇರೆ: ಯಾವುದರ ಮೇಲೆ ಕೊಟ್ಟೆವು, ಎಂದಿನಿಂದ ಕೊಟ್ಟೆವು, ತಿಂದವರು ಯಾರು? ಕೈಲಾಂಚದ ಅಡುಗೆಮನೆಯಲ್ಲಿ ತಳಹದಿ ದುರ್ಬಲವಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು ೩೫೦ ಮಿಲಿಗ್ರಾಂ. ಅಷ್ಟೇ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು. ನೂರು ಗ್ರಾಂ ಹುರುಳಿಯಲ್ಲಿ ಸಸಾರಜನಕ ೨೨ ಗ್ರಾಂ. ಮುದ್ದೆ, ಹುರುಳಿಸಾರು, ಸೊಪ್ಪಿನ ಬಸ್ಸಾರು, ಇವು ಬಡವರ ಊಟವಾದರೂ ಬಡ ಊಟವಲ್ಲ. ಇವು ಹೊಟ್ಟೆ ತುಂಬ ದೊರೆತು, ಅವುಗಳ ಮೇಲೆ ಹಾಲು, ಮೊಟ್ಟೆ, ಕಡಲೆಕಾಯಿ ಕೂಡಿದರೆ ಪೂರಕವೆಂಬ ಮಾತು ಸಾರ್ಥಕ. ಇವುಗಳ ಬದಲಿಗೆ ಡಬ್ಬಿಯ ಪುಡಿ ಬಂದರೆ ಅದು ಪೂರಕವಲ್ಲ, ಪರ್ಯಾಯ. ಆ ಕೂಡಿಕೆಯೂ ಮದುವೆಗೆ ಮೊದಲೇ, ಶಾಲೆಗೆ ಹೋಗುವ ಹುಡುಗಿಯ ತಟ್ಟೆಯಿಂದಲೇ ಮೊದಲಾಗಬೇಕು.

ಕೊನೆಯದಾಗಿ ಚರಿತ್ರೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಇಂದು ಪ್ರತಿ ಗರ್ಭಿಣಿಯ 'ತಾಯಿ ಕಾರ್ಡಿ'ನಲ್ಲಿ ಆಕೆಯ ತೂಕ ತಪಾಸಣೆಯಿಂದ ತಪಾಸಣೆಗೆ ದಾಖಲಾಗುತ್ತದೆ. ಹೆರಿಗೆಯಾದ ಮೇಲೆ ಅದು ಎಷ್ಟೋ ಮನೆಗಳಲ್ಲಿ ರದ್ದಿಗೆ ಸೇರುತ್ತದೆ. ಮೈಸೂರಿನ ದಫ್ತರವನ್ನು ಯಾರೋ ಎಸೆದಿದ್ದರೆ ಮೇಲ್ಕಂಡ ಸತ್ಯಗಳಲ್ಲಿ ಎರಡು ನಮಗೆ ತಿಳಿಯುತ್ತಿರಲಿಲ್ಲ. ತಮ್ಮ ತಮ್ಮ ಊರಿನ ಹಳೆಯ ಹೆರಿಗೆ ದಫ್ತರಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು, ಹೆಸರುಗಳ ಗೋಪ್ಯಕ್ಕೆ ಭಂಗ ಬಾರದಂತೆ, ಸಂಬಂಧಪಟ್ಟವರ ಅನುಮತಿಯಿಂದ ಪಟ್ಟಿ ಮಾಡುವ ಕಾರ್ಯವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು. ಶಾಸನವನ್ನು ಕಾಪಾಡಿದಷ್ಟೇ ಶ್ರದ್ಧೆಯಿಂದ ತಾಯಿಯ ತೂಕದ ಚೀಟಿಯನ್ನೂ ಕಾಪಾಡಬೇಕಾಗಿದೆ. ಕೈಲಾಂಚದಿಂದಲೇ ಆ ಕೆಲಸ ಮೊದಲಾಗಲೆಂದು ಆಶಿಸುತ್ತೇವೆ.