ರಾಷ್ಟ್ರೀಯ ವೈರಾಣು ಸಂಸ್ಥೆ
ಪುಣೆಯಲ್ಲಿರುವ ಸಂಶೋಧನಾ ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ವೈರಾಣು ಸಂಶೋಧನಾ ಕೇಂದ್ರವಾಗಿ ಇದನ್ನು ಆರಂಭಿಸಿದವು. ಈಗಿನ ಹೆಸರು ಬಂದದ್ದು 1978ರಲ್ಲಿ.

ಕರ್ನಾಟಕದ ಮಟ್ಟಿಗೆ ಸಂಸ್ಥೆಯ ದೊಡ್ಡ ಕೆಲಸ ಮಂಗನ ಕಾಯಿಲೆಯ ಶೋಧ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ಜ್ವರಕ್ಕೆ ತುತ್ತಾದಾಗ ಇಲ್ಲಿನ ತಜ್ಞರು ಹೊಸ ವೈರಾಣುವನ್ನು ಬೇರ್ಪಡಿಸಿದರು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸೌದೆಗೂ ತರಗೆಲೆಗೂ ಹೋದವರನ್ನು ಕಚ್ಚಿ ರೋಗ ಹರಡುತ್ತವೆ. 2012–13ರಲ್ಲಿ ರೋಗ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ನೆರೆಯ ನೀಲಗಿರಿಯ ಮಂಗದಲ್ಲೂ ಈ ವೈರಾಣು ಪತ್ತೆಯಾಯಿತು. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.